ಮುಪ್ಪಿನ ಶುಶ್ರೂಷೆಯೂ ಯಂತ್ರಗಳೂ

‘ಶುಶ್ರೂಷೆ’ ಎಂಬ ಶಬ್ದವನ್ನು ನಾವು ರೋಗಿಗಳ ಆರೈಕೆ, ಹಿರಿಯರ ಸೇವೆ ಎಂಬ ಅರ್ಥದಲ್ಲಿ ದಿನವೂ ಬಳಸುತ್ತೇವೆ. ಆದರೆ ಅದರ ಧಾತುವನ್ನು ವಿಚಾರಿಸಿದರೆ ಬೇರೊಂದು ಅರ್ಥವು ಹೊರಡುವುದು. ‘ಶ್ರು’ ಎಂದರೆ ಕೇಳು. ಅದರ ಇಚ್ಛಾರ್ಥಕ ರೂಪದಿಂದ ಹುಟ್ಟಿದ ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಬಯಕೆ. ಹಿರಿಯರ ಮಾತನ್ನು ಕೇಳಲು ಬಯಸತಕ್ಕವನೇ ಅವರ ಸೇವೆಗೆ ಯೋಗ್ಯನೆಂದು ಇದರಿಂದ ತಿಳಿಯಬಹುದು. ವೃದ್ಧರ ಆರೈಕೆಗೆಂದು ನಾನಾ ವಿಧವಾದ ಯಂತ್ರಗಳು ಮನೆಗಳನ್ನು ಪ್ರವೇಶಿಸುತ್ತಿರುವ ಈ ದಿವಸಗಳಲ್ಲಿ ಈ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಉಚಿತವಾಗಿದೆ.

ಈ ವಿಷಯದಲ್ಲಿ ಜಪಾನ್ ದೇಶದ ವೃತ್ತಾಂತವು ಬಹಳ ಬೋಧಪ್ರದವಾದುದು. ಅಲ್ಲಿ ನೂರು ಜನರಲ್ಲಿ ಸುಮಾರು 29 ಮಂದಿ 65 ವರ್ಷ ದಾಟಿದವರು. ವೃದ್ಧರ ಆರೈಕೆಗೆಂದೇ 2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಒಂದು ವಿಮಾಪದ್ಧತಿಯು ಆಚರಣೆಗೆ ಬಂದಿತು. 40 ವರ್ಷ ತುಂಬಿದವರು ಅದಕ್ಕೆ ವಂತಿಗೆಯನ್ನು ತೆರತಕ್ಕದ್ದು. ಇಂಥ ಸಂಪನ್ನ ದೇಶದಲ್ಲಿಯೂ 1996ರಲ್ಲಿ ಒಂದು ದಾರುಣ ಸಂಗತಿ ನಡೆಯಿತು. ಟೋಕಿಯೋ ನಗರದ ಇಕೆಬುಕುರೋ ಎಂಬ ಜನನಿಬಿಡವಾದ ಭಾಗದಲ್ಲಿ ಒಬ್ಬ ವೃದ್ಧ ತಾಯಿಯೂ ಅವಳ ರೋಗಿಯಾದ ಮಗನೂ ಅನ್ನವಿಲ್ಲದೆ ಪ್ರಾಣ ಬಿಟ್ಟರು. ಅನೇಕ ದಿನಗಳಾದ ಮೇಲೆ ಆ ಸುದ್ದಿ ಹೊರಗೆ ಬಿದ್ದಿತು. ಗೋಡೆಯ ಆಚೆಗೆ ಸಾವಿರಾರು ಜನರು ಓಡಾಡುತ್ತಿದ್ದರು. ಒಳಗೆ ಇಬ್ಬರು ಇಲ್ಲವಾದುದನ್ನು ಒಬ್ಬರೂ ಅರಿಯಲಿಲ್ಲ!

ಇದರಿಂದ ಮನನೊಂದ ವೈದ್ಯರೊಬ್ಬರ ಸೂಚನೆಯ ಮೇರೆಗೆ, ಅಡಿಗೆಮನೆಯ ಪಾತ್ರೆಗಳಿಗೆ ಹೆಸರಾದ ಜೋಜಿರುಷಿ ಎಂಬ ಕಂಪೆನಿಯು ಒಂದು ಉಪಾಯವನ್ನು ಹೂಡಿತು. ಜಪಾನಿನ ವೃದ್ಧರು ದಿನಕ್ಕೆ ಹಲವು ಬಾರಿ ಚಹಾ ಕುಡಿಯುವರು. ಅದಕ್ಕಾಗಿ ಬಿಸಿನೀರಿನ ವಿದ್ಯುತ್ ಪಾತ್ರೆಯೊಂದು ಮನೆಮನೆಯಲ್ಲಿಯೂ ಇರುವುದು. ಆ ಪಾತ್ರೆಯೊಳಗೆ ಸಂದೇಶವನ್ನು ಕಳುಹಿಸುವ ಸಣ್ಣ ಯಂತ್ರವನ್ನು ಅಳವಡಿಸಿ, 2001ರ ಮಾರ್ಚ್ ತಿಂಗಳಿಂದ ಅದನ್ನು ಬಾಡಿಗೆಗೆ ಕೊಡಲಾರಂಭಿಸಿದರು. ಅಜ್ಜಿಯು ನೀರು ಬಗ್ಗಿಸಿಕೊಂಡ ವೇಳೆಯು ದಿನಕ್ಕೆ ಎರಡು ಸಲ ದೂರದಲ್ಲಿರುವ ಮಗನಿಗೋ ಮಗಳಿಗೋ ಇ-ಮೇಲಿನ ಮೂಲಕ ತಿಳಿಯುವುದು. ಬೆಳಿಗ್ಗೆ ನೀರು ಬಗ್ಗಿಸಿದ ಸಮಾಚಾರವು ಬಾರದಿದ್ದರೆ ಮಕ್ಕಳು ಕೂಡಲೆ ವಿಚಾರಿಸಬಹುದು.

ಈ ಉಪಾಯದ ಗುಣವು ಎಲ್ಲಿದೆಯೆಂಬುದನ್ನು ವಾಚಕರು ಗಮನಿಸಬೇಕು. ಅದು ವೃದ್ಧೆಗೆ ಹೊಸದೇನನ್ನೂ ಕಲಿಸಲಿಲ್ಲ. ಗುಂಡಿಯನ್ನು ಒತ್ತೆಂದು ಪೀಡಿಸಲಿಲ್ಲ. ಅವಳ ಕೋಣೆಯೊಳಕ್ಕೆ ಇಣಿಕಿ ನೋಡಲಿಲ್ಲ. ಅವಳ ದಿನಚರಿಯನ್ನೇ ಸಂದೇಶವಾಹಕವನ್ನಾಗಿ ಮಾಡಿತು, ಅಷ್ಟೆ.

ದಿನಚರಿಯನ್ನು ತಿಳಿಯದೆ ತಂದ ಉಪಕರಣವು ಏನಾಗುವುದೆಂಬುದಕ್ಕೆ ನಮ್ಮ ಬೀದಿಯಲ್ಲಿಯೇ ಒಂದು ನಿದರ್ಶನವಿದೆ. ಒಂಟಿಯಾಗಿರುವ ಒಬ್ಬ ವೃದ್ಧೆಗೆ ವಿದೇಶದಲ್ಲಿರುವ ಮಗನು ಕೊರಳಿಗೆ ಹಾಕಿಕೊಳ್ಳುವ ಗುಂಡಿಯೊಂದನ್ನು ಪ್ರೀತಿಯಿಂದ ತಂದುಕೊಟ್ಟಿದ್ದನು. ಬಿದ್ದಾಗ ಒತ್ತಿದರೆ ನೆರವು ಬರುವುದು. ಆಕೆಯಾದರೋ ಅದರ ದಾರವು ಮಡಿಗೆ ಆಗದೆಂದು ಪ್ರತಿದಿನವೂ ಸ್ನಾನಕ್ಕೆ ಮುಂಚೆ ಗೂಟಕ್ಕೆ ತಗುಲಿಸಿ, ಊಟವಾದ ಮೇಲೆಯೇ ಧರಿಸುತ್ತಿದ್ದರು. ಜಾರಿ ಬೀಳುವ ಸಂಭವವು ಹೆಚ್ಚಾಗಿರುವುದು ಬಚ್ಚಲಿನಲ್ಲಿಯೇ ಅಲ್ಲವೇ? ಒಂದು ಬೆಳಿಗ್ಗೆ ಹಾಗೆಯೇ ಆಯಿತು. ಗುಂಡಿಯು ಗೂಟದಲ್ಲಿ ತೂಗುತ್ತಿದ್ದಿತು. ಬಾಗಿಲಲ್ಲಿ ಹಾಲು ಹಾಗೆಯೇ ಇದ್ದುದನ್ನು ನೋಡಿ ಪಕ್ಕದ ಮನೆಯ ಸೊಸೆಯು ‘ಅಜ್ಜೀ’ ಎಂದು ಕೂಗಿದುದರಿಂದ ಆಕೆಯ ಪ್ರಾಣವು ಉಳಿಯಿತು. ಈಗ ಬಚ್ಚಲಿನ ಗೋಡೆಗೇ, ನೆಲದ ಮೇಲೆ ಬಿದ್ದವರ ಕೈಗೂ ಎಟುಕುವಂತೆ, ಒಂದು ಗಂಟೆಯ ಗುಂಡಿಯನ್ನು ಕೂರಿಸಿದ್ದಾರೆ. ಅದರ ಗಂಟೆಯು ಪಕ್ಕದ ಮನೆಯಲ್ಲಿ ಬಾರಿಸುವುದು. ಮಡಿಗೂ ಭಂಗವಿಲ್ಲ, ಜೀವಕ್ಕೂ ರಕ್ಷೆಯುಂಟು. ಮೊದಲೇ ಆಕೆಯನ್ನು ಕೇಳಿದ್ದರೆ ಮೊದಲೇ ಹೀಗೆ ಮಾಡಬಹುದಾಗಿತ್ತು.

ಬೀಳುವುದೆಂದರೆ ಅಲ್ಪವಿಷಯವಲ್ಲ. ಬಿದ್ದು ಮಡಿಯುವವರಲ್ಲಿ 60 ವರ್ಷ ದಾಟಿದವರೇ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಆದಕಾರಣ ಯಂತ್ರಗಳನ್ನು ಕೊಳ್ಳುವುದಕ್ಕೆ ಮುಂಚೆ ಬಚ್ಚಲಿಗೆ ಹಿಡಿಗಂಬಿ, ಜಾರದ ನೆಲ, ರಾತ್ರಿ ನಡೆಯುವ ದಾರಿಯಲ್ಲಿ ಮಂದವಾದ ದೀಪ, ಇವಿಷ್ಟನ್ನು ಗೃಹಸ್ಥರು ಒದಗಿಸತಕ್ಕದ್ದು.

ಮನೆಯಲ್ಲಿ ಕ್ಯಾಮರಾ ಇಡುವವರಿಗೂ ಒಂದು ಮಾತು. ನೋಡಿಕೊಳ್ಳುವುದು ಬೇರೆ, ನೋಡುತ್ತಿರುವುದು ಬೇರೆ. ಮಕ್ಕಳ ಕಣ್ಣು ಸದಾ ತನ್ನ ಮೇಲಿರುವುದೆಂದು ಅರಿತ ಹಿರಿಯನು ತನ್ನ ಮನೆಯಲ್ಲಿಯೇ ಪರಕೀಯನಾಗುವನು. ಇಡಲೇಬೇಕಾದರೆ ಅವರ ಒಪ್ಪಿಗೆಯನ್ನು ಪಡೆದು, ಬಾಗಿಲ ಬಳಿಯಲ್ಲಿಯೋ ನಡುಮನೆಯಲ್ಲಿಯೋ ಇಟ್ಟು, ಬೇಡವೆನಿಸಿದಾಗ ಆರಿಸುವ ಅಧಿಕಾರವನ್ನೂ ಅವರಿಗೇ ಕೊಡಬೇಕು.

ಯಂತ್ರದಿಂದ ನಿಜವಾದ ಉಪಕಾರವಾಗಿರುವ ಸಂದರ್ಭಗಳೂ ನಮ್ಮಲ್ಲಿ ಉಂಟು. ಪಿಂಚಣಿದಾರರು ಬದುಕಿರುವೆವೆಂದು ರುಜುವಾತು ಕೊಡಲು ವರ್ಷವರ್ಷವೂ ಬ್ಯಾಂಕಿನ ಮೆಟ್ಟಲನ್ನು ಹತ್ತಬೇಕಾಗಿತ್ತು. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಿಂದ ಬೆರಳಚ್ಚನ್ನು ಒತ್ತಿದರೆ ಸಾಕಾಯಿತು. ಬೆರಳಿನ ಗೆರೆಗಳು ಸವೆದವರಿಗಾಗಿ 2021ರಲ್ಲಿ ಮೊಬೈಲಿನಲ್ಲಿ ಮುಖವನ್ನು ತೋರಿಸುವ ಕ್ರಮವೂ ಬಂದಿತು. ಅದೇ ವರ್ಷ ದೇಶಕ್ಕೆಲ್ಲ ಒಂದೇ ಆದ ಹಿರಿಯ ನಾಗರಿಕರ ಸಹಾಯವಾಣಿಯು 14567 ಎಂಬ ಸಂಖ್ಯೆಯಲ್ಲಿ ಪ್ರಾರಂಭವಾಯಿತು; ಪಿಂಚಣಿ, ಕಾನೂನು, ನಿರಾಶ್ರಯ ಮೊದಲಾದ ವಿಷಯಗಳಲ್ಲಿ ಅಲ್ಲಿ ನೆರವನ್ನು ಕೇಳಬಹುದು. ತುರ್ತಿಗಾದರೆ 112. ಇವನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಹತ್ತಿರದ ನೆಂಟರ ಮತ್ತು ನೆರೆಯವರ ಸಂಖ್ಯೆಗಳೊಡನೆ ಗೋಡೆಗೆ ಅಂಟಿಸುವುದು ಒಳ್ಳೆಯದು.

ಆದರೆ ಸಂದೇಶವು ಮುಟ್ಟಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಅಮೆರಿಕದಲ್ಲಿರುವ ಮಗನಿಗೆ ನಡುರಾತ್ರಿಯಲ್ಲಿ ಸುದ್ದಿ ಬಂದರೆ, ಧಾರವಾಡದ ಮನೆಯ ಬಾಗಿಲನ್ನು ತಟ್ಟುವವರಾರು? ಬೀಗದ ಇನ್ನೊಂದು ಕೈ ಯಾರಲ್ಲಿದೆ? ಉಪಕರಣವನ್ನು ಕೊಳ್ಳುವ ದಿನವೇ ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಹಾಗೆ ಬರುವವರೊಡನೆ ಹಬ್ಬಹುಣ್ಣಿಮೆಗಳಲ್ಲಿ ವಿಶ್ವಾಸವನ್ನು ಬೆಳೆಸಿಕೊಂಡಿರಬೇಕು. ಆಪತ್ತಿನಲ್ಲಿ ಮಾತ್ರ ನೆರೆಯವರನ್ನು ನೆನೆಯುವುದು ಧರ್ಮವೂ ಅಲ್ಲ, ವಿವೇಕವೂ ಅಲ್ಲ.

ಯಂತ್ರವು ಧ್ವನಿಯನ್ನು ಸಮುದ್ರದಾಚೆಗೂ ಒಯ್ಯಬಲ್ಲುದು; ಕೇಳುವ ಬಯಕೆಯನ್ನು ಮಾತ್ರ ನಾವೇ ತರಬೇಕು. ತಂದೆತಾಯಿಗಳಿಗೆ ಉಪಕರಣವನ್ನು ಕೊಡಿಸಬೇಕೆಂದಿರುವ ಮಕ್ಕಳು ಅಂಗಡಿಗೆ ಹೋಗುವ ಮುನ್ನ ಒಂದು ದಿನವಾದರೂ ಅವರ ಬಳಿ ಕುಳಿತು, ಎಷ್ಟು ಹೊತ್ತಿಗೆ ಏಳುವಿರಿ, ಎಲ್ಲಿ ಕಾಲು ತಡೆಯುವುದು, ಯಾವುದಕ್ಕೆ ಹೆದರುವಿರಿ ಎಂದು ವಿಚಾರಿಸಲಿ. ಆ ಉತ್ತರಗಳನ್ನು ಕೇಳಿಕೊಂಡು ಕೊಂಡ ವಸ್ತುವು ಗೂಟದಲ್ಲಿ ತೂಗುವುದಿಲ್ಲ.