ಸಹಿ ಹಾಕುವ ಮುನ್ನ ಒಂದಿಷ್ಟು ಮಾತು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನ್ ಕರೆಗಳಲ್ಲಿ ಹತ್ತಕ್ಕೆ ಎಂಟು ಹಾಡಿನ ಕೋರಿಕೆಗಳು. ಉಳಿದೆರಡು, ಊರಿಗೆ ಹೋಗುವ ಬಸ್ಸಿನ ಸಮಯ ಕೇಳುವವರದು! ಆದರೆ ಈಚೆಗೆ ಬಂದ ಒಂದು ಕರೆ ನನ್ನನ್ನು ಬಹಳ ದಿನ ಕಾಡಿತು. ವಿಜಯಪುರ ಜಿಲ್ಲೆಯಿಂದ ಬಂದು ಹಡಪಸರದ ಕಡೆ ಗಾರೆ ಕೆಲಸ ಮಾಡಿಕೊಂಡಿರುವ ಒಬ್ಬರು ಮಾತಾಡಿದರು. ಅವರ ತಾಯಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ. ಆಸ್ಪತ್ರೆಯಲ್ಲಿ ಹೊಸ ಮುಲಾಮೊಂದರ ಪ್ರಯೋಗ ನಡೆದಿದೆ, ಸೇರುತ್ತೀರಾ ಎಂದು ಕೇಳಿ ಹತ್ತು ಹನ್ನೆರಡು ಪುಟದ ಕಾಗದ ಕೊಟ್ಟಿದ್ದರಂತೆ. ಕಾಗದ ಮರಾಠಿಯಲ್ಲಿ. "ಅಕ್ಕಾರ, ನನಗ ಮರಾಠಿ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ಅವ್ವಗ ಎರಡೂ ಇಲ್ಲ. ಸಹಿ ಮಾಡಸ್ಲ್ಯೋ ಬ್ಯಾಡೋ?"

ನಾನು ಓದಿದ್ದು ಕನ್ನಡ ಬಿ.ಎ. ಔಷಧದ ವಿಷಯದಲ್ಲಿ ಹೌದು, ಅಲ್ಲ ಎನ್ನುವ ಅಧಿಕಾರ ನನಗಿಲ್ಲ. ಎರಡು ದಿನ ಟೈಂ ಕೊಡಿ ಎಂದೆ. ಆ ಎರಡು ದಿನದಲ್ಲಿ, ಆಮೇಲೆ ಕೂಡ, ಓದಿ ಕೇಳಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಪುಣೆಯಲ್ಲಿರುವ ನಮಗೆ ಇದು ದೂರದ ಸಂಗತಿ ಅಲ್ಲ. ದೇಶದಲ್ಲಿ ಔಷಧ ಮತ್ತು ಲಸಿಕೆಗಳ ಪ್ರಯೋಗ ಹೆಚ್ಚಾಗಿ ನಡೆಯುವ ಊರುಗಳಲ್ಲಿ ನಮ್ಮದೂ ಒಂದು.

ಕೋವಿಡ್ ಕಾಲ ನೆನಪಿರಬೇಕಲ್ಲ? ಕೋವಿಶೀಲ್ಡ್ ಲಸಿಕೆಯ ಭಾರತದ ಪ್ರಯೋಗ 2020ರ ಆಗಸ್ಟ್ 26ರಂದು ಶುರುವಾದದ್ದು ಇಲ್ಲೇ, ಭಾರತಿ ವಿದ್ಯಾಪೀಠದ ಆಸ್ಪತ್ರೆಯಲ್ಲಿ. ದೇಶದಾದ್ಯಂತ 1600 ಜನರನ್ನು ಸೇರಿಸಿಕೊಳ್ಳುವ ಯೋಜನೆ ಅದು. ಅದಕ್ಕೂ ಹಿಂದೆ ಭೋಸರಿಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯವರು ಒಂಬತ್ತು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಪಾಲುಗೊಂಡಿದ್ದರು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇರುವ 1763 ಜೋಡಿಗಳು ಅದರಲ್ಲಿದ್ದರು. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ಹರಡುವುದು ಶೇಕಡಾ 96ರಷ್ಟು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಗೊತ್ತಾದದ್ದು ಅವರಿಂದ. ಇನ್ನು ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರದವರು ಪುಣೆ ಪಕ್ಕದ ವಡು ಗ್ರಾಮದಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳ ವಾಂತಿಭೇದಿ ತಡೆಯುವ ರೋಟಾವ್ಯಾಕ್ ಲಸಿಕೆಯನ್ನು 2011ರಿಂದ ದೆಹಲಿ, ವೆಲ್ಲೂರು ಮತ್ತು ಪುಣೆ ಈ ಮೂರು ಕಡೆ 6799 ಕೂಸುಗಳ ಮೇಲೆ ಪರೀಕ್ಷಿಸಿದರು. 2016ರಲ್ಲಿ ಅದು ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು.

ಆದರೆ ನನಗೆ ಬಹಳ ಹತ್ತಿರವೆನಿಸಿದ ಕಥೆ ನಮ್ಮ ಬೆಳಗಾವಿಯದು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾಗುವ 1620 ಹೆಣ್ಣುಮಕ್ಕಳು ಒಂದು ಪ್ರಯೋಗಕ್ಕೆ ಒಪ್ಪಿದರು. ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ. ಇನ್ನರ್ಧಕ್ಕೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವ ನರ್ಸಮ್ಮನಿಗೂ ಗೊತ್ತಿಲ್ಲ, ತೆಗೆದುಕೊಳ್ಳುವ ಬಾಣಂತಿಗೂ ಗೊತ್ತಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ, ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವ, ಔಷಧದ ಗುಂಪಿನಲ್ಲಿ 6.4. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಕೆಲಸಕ್ಕೆಂದು ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಲ್ಲೋ ಆಫ್ರಿಕಾದ ಹಳ್ಳಿಯಲ್ಲಿ ಬಾಣಂತಿಯೊಬ್ಬಳು ಉಳಿದರೆ ಅದರಲ್ಲಿ ಬೆಳಗಾವಿಯ ಹೆಣ್ಣುಮಕ್ಕಳ ಪಾಲೂ ಇದೆ. ಹಾಗೆಯೇ, ಖಾಲಿ ಮಾತ್ರೆ ಸಿಕ್ಕವರ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಈ ಖಾಲಿ ಮಾತ್ರೆಯ ವಿಷಯವೇ ಎಲ್ಲಕ್ಕಿಂತ ಮುಖ್ಯ. ವೈದ್ಯರು ಇದಕ್ಕೆ ಪ್ಲಸೀಬೊ ಎನ್ನುತ್ತಾರೆ. ಪ್ರಯೋಗಕ್ಕೆ ಸೇರಿದರೆ ಹೊಸ ಔಷಧ ಸಿಕ್ಕೇ ಸಿಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಡಾಕ್ಟರಿಗೆ ನೀವು ಎಷ್ಟೇ ಬೇಕಾದವರಾದರೂ ಅದು ಬದಲಾಗದು. ಪ್ರಯೋಗದ ಉದ್ದೇಶ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯುವುದು. ನಿಮ್ಮ ಕಾಯಿಲೆ ವಾಸಿಯಾದರೆ ಸಂತೋಷ, ಆದರೆ ಅದು ಖಾತ್ರಿಯಲ್ಲ. ಆದ್ದರಿಂದ ಮೊದಲ ಪ್ರಶ್ನೆ: "ನನಗೆ ಖಾಲಿ ಔಷಧದ ಗುಂಪು ಬಂದರೆ ಈಗಿನ ಚಿಕಿತ್ಸೆ ಮುಂದುವರಿಯುತ್ತದೆಯೆ?" ಅನೇಕ ಪ್ರಯೋಗಗಳಲ್ಲಿ ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ ಇದ್ದೇ ಇರುತ್ತದೆ, ಹೊಸದು ಅದರ ಮೇಲೆ. ಎಲ್ಲದರಲ್ಲೂ ಹಾಗಿರುವುದಿಲ್ಲ. ರೋಟಾವ್ಯಾಕ್ ಪ್ರಯೋಗದಲ್ಲೇ, ಪೇಟೆಯಲ್ಲಿ ಬೇರೆ ರೋಟಾ ಲಸಿಕೆ ಇರುವಾಗ ಮೂರರಲ್ಲೊಂದು ಕೂಸಿಗೆ ಪ್ಲಸೀಬೊ ಏಕೆ ಎಂಬ ಆಕ್ಷೇಪ ಎದ್ದಿತ್ತು. ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಹುಡುಕುವ ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2007ರ ಜುಲೈನಲ್ಲಿ ಸಿಟಿಆರ್‌ಐ ಎಂಬ ನೋಂದಣಿ ಪುಸ್ತಕ ತೆರೆಯಿತು. ಪುಸ್ತಕ ಅಂದೆ, ಇರುವುದು ಇಂಟರ್ನೆಟ್ಟಿನಲ್ಲಿ: ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್. ಔಷಧ ಪ್ರಯೋಗಗಳನ್ನು ಅಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ದಾಖಲಾಗಬೇಕು ಎಂಬುದು 2018ರ ಏಪ್ರಿಲ್‌ನಿಂದ ಬಂದ ನಿಯಮ. ಅಲೋಪತಿ ಒಂದೇ ಅಲ್ಲ, ಆಯುರ್ವೇದ, ಯೋಗದ ಪ್ರಯೋಗಗಳೂ ಅಲ್ಲಿವೆ. ನೋಡಲು ದುಡ್ಡಿಲ್ಲ.

ಹುಡುಕುವ ಜಾಗದಲ್ಲಿ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಅವರ ಕೈಗೆ ಕೊಡಿ, ಹತ್ತು ನಿಮಿಷದ ಕೆಲಸ. ಪಟ್ಟಿ ಬಂದಾಗ ಒಂದೊಂದನ್ನೂ ತೆರೆದು ಎರಡು ಕಡೆ ಕಣ್ಣಾಡಿಸಿ. ಒಂದು, ಭಾರತದಲ್ಲಿ ಜನರನ್ನು ಸೇರಿಸಿಕೊಳ್ಳುವ ಸ್ಥಿತಿ: ಇನ್ನೂ ಶುರುವಾಗಿಲ್ಲ, ತೆರೆದಿದೆ, ಮುಚ್ಚಿದೆ, ಮುಗಿದಿದೆ ಎಂದು ಬರೆದಿರುತ್ತದೆ. ಇನ್ನೊಂದು, ಪ್ರಯೋಗ ನಡೆಯುವ ಜಾಗಗಳ ಕೋಷ್ಟಕ. ಅದರಲ್ಲಿ ಆಸ್ಪತ್ರೆ, ಊರು, ಜವಾಬ್ದಾರಿ ಹೊತ್ತ ವೈದ್ಯರ ಹೆಸರು, ಫೋನ್ ನಂಬರ್ ಇರುತ್ತವೆ. ಪುಣೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಸೊಲ್ಲಾಪುರ, ಬೆಳಗಾವಿ, ಬೆಂಗಳೂರು ನೋಡಿ. ಊರಲ್ಲಿ ಉಳಿಯಲು ಮನೆಯಿದ್ದವರಿಗೆ ಅದೇ ಅನುಕೂಲವಾದೀತು. ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಷರತ್ತುಗಳೂ ಅಲ್ಲೇ ಇರುತ್ತವೆ: ವಯಸ್ಸು, ಬೇರೆ ಕಾಯಿಲೆ, ಗರ್ಭಿಣಿಯೇ ಇತ್ಯಾದಿ. ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬಲ್ಲಿ ಊರಿನ ಹೆಸರು ಕೊಟ್ಟೇ ಹುಡುಕಬಹುದು. ವಿದೇಶೀ ಕಂಪನಿಗಳು ಇಲ್ಲಿ ನಡೆಸುವ ಎಷ್ಟೋ ಪ್ರಯೋಗಗಳು ಅಲ್ಲೂ ಇರುತ್ತವೆ.

ಒಂದು ಎಚ್ಚರಿಕೆ. ಸಿಟಿಆರ್‌ಐ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಸರ್ಕಾರವೇ ಭರವಸೆ ಕೊಟ್ಟಿತು ಎಂದು ತಿಳಿಯಬೇಡಿ. ಅದು ಬರೀ ದಾಖಲೆ. ಕಂಡ ಕೂಡಲೇ ಫೋನ್ ಮಾಡುವ ಬದಲು, ಆ ಪುಟದ ಪ್ರಿಂಟ್ ತೆಗೆದು ನಿಮ್ಮನ್ನು ಈಗಾಗಲೇ ನೋಡುತ್ತಿರುವ ಡಾಕ್ಟರಿಗೆ ತೋರಿಸುವುದು ಜಾಣತನ. ಸೇರಿಸಿಕೊಳ್ಳಲು ಯಾರಾದರೂ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸ್ಟೆಮ್ ಸೆಲ್ ಪ್ರಯೋಗಕ್ಕೆ ಸೇರುವವರಿಂದ ಹಣ ಪಡೆಯಬಾರದೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಆ ಕಾಗದ. ಅದರಲ್ಲಿ ಎರಡು ಭಾಗ, ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ. 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಮಾಹಿತಿ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅರ್ಥವಾಗುವ ಭಾಷೆ ಅಂದರೆ ಆಸ್ಪತ್ರೆಗೆ ಅನುಕೂಲವಾದ ಭಾಷೆಯಲ್ಲ, ನಿಮ್ಮ ಭಾಷೆ. ಪುಣೆಯಲ್ಲಿ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷ್ ತಯಾರಿರುತ್ತವೆ, ಕನ್ನಡ ಕೇಳಿದರೆ ಮಾತ್ರ. ಆದ್ದರಿಂದ ಕೇಳಿ. ಅನುವಾದಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗುವುದರಿಂದ ತಡವಾಗಬಹುದು. ಓದು ಬರಹ ಬಾರದವರಾದರೆ, ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೂ ಜೊತೆಗಿದ್ದು ಸಹಿ ಮಾಡಬೇಕು. ಕೊನೆಯ ಪುಟಕ್ಕೆ ಮಾತ್ರ ಬಂದು ಹೆಬ್ಬೆಟ್ಟಿನ ಪಕ್ಕ ಸಹಿ ಹಾಕುವವನು ಸಾಕ್ಷಿ ಅಲ್ಲ. ಪೂರ್ತಿ ಹೊಸ ರಾಸಾಯನಿಕದ ಪ್ರಯೋಗವಾಗಿದ್ದು, ಸೇರುವವರು ದುರ್ಬಲ ಸ್ಥಿತಿಯಲ್ಲಿರುವವರಾದರೆ ಒಪ್ಪಿಗೆಯ ವಿಡಿಯೋ ಚಿತ್ರೀಕರಣವೂ ಆಗಬೇಕು. ಸಹಿಯಾದ ಮೇಲೆ ಒಂದು ಪ್ರತಿ ನಿಮಗೆ ಕೊಡಬೇಕು. ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.

ಇಷ್ಟೆಲ್ಲ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ನಡೆಯಿತು. ತಂದೆ ತಾಯಿ ಮಾಡಬೇಕಾದ ಕಡೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಮಾಡಿದ್ದು ಹೊರಬಿತ್ತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆಯಿತು. 2012ರಲ್ಲಿ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲೆ ನಿಯಮಗಳು ಒಂದೊಂದಾಗಿ ಬಿಗಿಯಾದವು.

ಪ್ರಯೋಗದಿಂದ ತೊಂದರೆಯಾದರೆ? ಚಿಕಿತ್ಸೆ ಉಚಿತವಾಗಿ ಕೊಡಬೇಕು. ಗಂಭೀರ ತೊಂದರೆಯನ್ನು ವೈದ್ಯರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಪ್ರಯೋಗದ ಕಾರಣಕ್ಕೇ ಸಾವು ಅಥವಾ ಶಾಶ್ವತ ಊನವಾದರೆ ಪರಿಹಾರಕ್ಕೆ ಸೂತ್ರವಿದೆ. ಅದು 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಲೆಕ್ಕ ಹಾಕುವ ಸೂತ್ರ. ಪ್ರತಿ ಪ್ರಯೋಗವನ್ನೂ ನೈತಿಕ ಸಮಿತಿಯೊಂದು ನೋಡಿಕೊಳ್ಳುತ್ತದೆ. ಕನಿಷ್ಠ ಏಳು ಜನರ ಆ ಸಮಿತಿಯಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಸಮಿತಿಯವರ ಫೋನ್ ನಂಬರ್ ಮಾಹಿತಿ ಪತ್ರದಲ್ಲಿ ಇರುತ್ತದೆ. ಹುಡುಕಿ, ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ಮತ್ತೊಂದು ಮಾತು: ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಕಾರಣ ಹೇಳಬೇಕಿಲ್ಲ. ಅದರಿಂದ ಮಾಮೂಲಿ ಚಿಕಿತ್ಸೆಗೆ ಧಕ್ಕೆ ಬರಕೂಡದು. ಆದರೆ ಹೇಳದೆ ಕೇಳದೆ ಔಷಧ ನಿಲ್ಲಿಸಬೇಡಿ, ತಿಳಿಸಿಯೇ ನಿಲ್ಲಿಸಿ. ಕೆಲವು ಔಷಧ ಹಠಾತ್ತನೆ ಬಿಟ್ಟರೆ ಅಪಾಯ.

ದಿನಗೂಲಿಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು: ಎಷ್ಟು ಸಲ ಬರಬೇಕು, ಬಸ್ ಚಾರ್ಜ್ ಕೊಡುತ್ತಾರೆಯೇ, ಊರಿನ ಜಾತ್ರೆಗೆ ಹದಿನೈದು ದಿನ ಹೋದರೆ ಏನು ಕಥೆ? ಇವನ್ನೂ ಕೇಳಿಯೇ ಒಪ್ಪಿಕೊಳ್ಳಿ.

ಹಡಪಸರದವರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಮುಂದಿನ ವಾರ ಅವರೇ ಮಾಡಿದರು. ಆಸ್ಪತ್ರೆಯಲ್ಲಿ ಕನ್ನಡ ಬೇಕೆಂದು ಕೇಳಿದಾಗ ಅಲ್ಲಿನ ಹುಡುಗಿ ಮೊದಲು ತಬ್ಬಿಬ್ಬಾದಳಂತೆ, ಆಮೇಲೆ ಕಲಬುರಗಿ ಕಡೆಯ ನರ್ಸೊಬ್ಬರನ್ನು ಬೇರೆ ವಾರ್ಡಿನಿಂದ ಕರೆಸಿದಳಂತೆ. ಅವರು ಒಂದು ಗಂಟೆ ಕೂತು ಕನ್ನಡದಲ್ಲಿ ಹೇಳಿದರು. ಕನ್ನಡದ ಕಾಗದ ಬರುವವರೆಗೆ ಸಹಿ ಬೇಡ ಎಂದೂ ಅವರೇ ಹೇಳಿದರಂತೆ. ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಡಬ್ಬಿ ಒಳಗ ಮದ್ದs ಇಲ್ಲಂದ್ರ, ಗಾಯ ತೊಳದು ಪಟ್ಟಿ ಕಟ್ಟೂದರ ಕಟ್ತೀರೋ ಇಲ್ಲೋ?" ಕಟ್ಟುತ್ತೇವೆ ಎಂದರು.

ಮೂರು ವಾರಕ್ಕೆ ಕಾಗದ ಬಂತು, ಹೆಬ್ಬೆಟ್ಟು ಒತ್ತಿದರು, ಸಾಕ್ಷಿಗೆ ಪಕ್ಕದ ಮನೆಯ ಕನ್ನಡ ಮೇಷ್ಟ್ರು ಹೋಗಿದ್ದರು. ಆದರೆ ಮೊದಲ ರಕ್ತ ಪರೀಕ್ಷೆಯಲ್ಲೇ ಮೂತ್ರಪಿಂಡದ ತೊಂದರೆ ಕಂಡು, ಷರತ್ತಿಗೆ ಹೊಂದುವುದಿಲ್ಲವೆಂದು ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಮೂತ್ರಪಿಂಡಕ್ಕೆ ಬೇರೆ ಡಾಕ್ಟರ ಹತ್ತಿರ ತೋರಿಸುತ್ತಿದ್ದಾರೆ. ಗಾಯಕ್ಕೆ ಅದೇ ಹಳೆಯ ಪಟ್ಟಿ, ದಿನ ಬಿಟ್ಟು ದಿನ.