ನಿಮಗಿದು ಗೊತ್ತೆ? ಬಿಸಿಲನ್ನು ಬೇಡಿದ ‘ಜಾದೂ’

ಮೋಡ ಕವಿದೊಡನೆ ಬಳಲಿ, ‘ಧೂಪ್’ ಎಂದು ಬಿಸಿಲಿಗಾಗಿ ಹಂಬಲಿಸುತ್ತಿದ್ದ ಅನ್ಯಲೋಕದ ನೀಲವರ್ಣದ ಪುಟ್ಟ ಜೀವಿ ‘ಜಾದೂ’ವನ್ನು, 2003ರ ಆಗಸ್ಟ್ 8ರಂದು ತೆರೆಕಂಡ ‘ಕೋಯಿ ಮಿಲ್ ಗಯಾ’ ಚಿತ್ರದಲ್ಲಿ ಬಾಲ್ಯದ ಬೆರಗುಗಣ್ಣುಗಳಿಂದ ನೋಡಿದ ಮುಂಬಯಿಯ ಅಭಿಮಾನಿಗಳು, ಇಂದು ತಾವೇ ಗೃಹಸ್ಥರಾಗಿದ್ದರೂ ಆ ಒಂದು ಪದವನ್ನು ಮರೆತಿಲ್ಲ. ಆಸ್ಟ್ರೇಲಿಯದ ಕುಶಲಕರ್ಮಿ ಜೇಮ್ಸ್ ಕಾಲ್ನರ್ ನಿರ್ಮಿಸಿದ ಆ ಉಡುಪಿನೊಳಗೆ ಅಡಗಿ, ಚಿತ್ರದಲ್ಲಿ ತನ್ನ ಮುಖವನ್ನು ಪ್ರೇಕ್ಷಕರಿಗೆ ತೋರದೆ ಜೀವಿಗೆ ನಡಿಗೆಯನ್ನು ಇತ್ತವರು ಕುಳ್ಳದೇಹದ ನಟ ಇಂದ್ರವದನ ಪುರೋಹಿತ್; ಅಂತಹ ಅಜ್ಞಾತ ಅಭಿನಯಕ್ಕೆ ನಾವು ನಿಜಕ್ಕೂ ಋಣಿಗಳು. ರಾಕೇಶ್ ರೋಶನ್ ನಿರ್ದೇಶಿಸಿದ ಈ ಕಥೆ 2006ರಲ್ಲಿ ‘ಕ್ರಿಶ್’ ಆಗಿ, 2013ರಲ್ಲಿ ‘ಕ್ರಿಶ್ 3’ ಆಗಿ ಮುಂದುವರಿಯಿತು. ಮೂರರಲ್ಲಿಯೂ ನಾಯಕ ರಾಕೇಶರ ಪುತ್ರ ಹೃತಿಕ್. ಮೂರಕ್ಕೂ ಹಾಡುಗಳ ಸಂಗೀತ ರಾಕೇಶರ ಅನುಜ ರಾಜೇಶ್ ರೋಶನರದು.