ದೇಸಾಯಿ ಎಂಬ ಹೆಸರಿನ ಹಿಂದೆ

ನಮ್ಮ ಬದಲಾಪುರದ ಕಟ್ಟಡಗಳಲ್ಲಿ ಬಾಗಿಲಿನ ಫಲಕಗಳನ್ನು ಓದುತ್ತ ಮೆಟ್ಟಿಲೇರಿದರೆ ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಪಾಟೀಲ ಎಂಬ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಇವರಲ್ಲಿ ಕನ್ನಡಿಗರಾರು, ಮರಾಠಿಗರಾರು ಎಂದು ಹೆಸರಿನಿಂದ ಹೇಳಲಾಗದು. ಒಳಗಿನ ಮಾತು ಕಿವಿಗೆ ಬೀಳಬೇಕು. ಏಕೆಂದರೆ ಇವು ಮೂಲದಲ್ಲಿ ಹುದ್ದೆಯ ಹೆಸರುಗಳು. ಪರಗಣೆಯ ಕಂದಾಯದ ಮೇಲ್ವಿಚಾರಣೆ ದೇಸಾಯಿಯದು, ಅದರ ಲೆಕ್ಕ ದೇಶಪಾಂಡೆಯದು. ಊರಿನ ಯಜಮಾನಿಕೆ ಪಾಟೀಲನದು, ಊರಿನ ಲೆಕ್ಕ ಕುಲಕರ್ಣಿಯದು. ಕೆಲಸಕ್ಕೆ ಪ್ರತಿಫಲವಾಗಿ ಇನಾಮು ಭೂಮಿ, ವಸೂಲಿಯಲ್ಲಿ ಒಂದು ಪಾಲು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಹಕ್ಕಿಗೆ ವತನವೆಂದು ಹೆಸರು. ಆದಿಲಶಾಹಿ ಹೋಗಿ ಮೊಗಲರು, ಮರಾಠರು ಬಂದರೂ ವತನದಾರರ ಮನೆಗಳು ಉಳಿದವು. ಹೊಸ ದೊರೆಗೂ ಹಳೆಯ ಲೆಕ್ಕ ಬಲ್ಲವನು ಬೇಕಲ್ಲವೆ?

ಮಗನಿಲ್ಲದಿದ್ದರೆ ಏನು ಗತಿ? ದತ್ತಕ ನಮ್ಮಲ್ಲಿ ಸಾವಿರಾರು ವರ್ಷಗಳ ಪದ್ಧತಿ. ಆದರೆ ದತ್ತಕನಿಗೆ ಮನೆಯ ಆಸ್ತಿ ಬಂದಷ್ಟು ಸುಲಭವಾಗಿ ಪದವಿಯೂ ಬರುವುದೇ? ಈ ಪ್ರಶ್ನೆಗೆ ರಕ್ತದಲ್ಲಿ ಉತ್ತರ ಬರೆದ ಊರು ಕಿತ್ತೂರು.

ಬಿಜಾಪುರದ ಸೈನ್ಯದಲ್ಲಿ ಸೇವೆ ಮಾಡಿದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಈ ಮನೆತನದ ಮೂಲಪುರುಷರೆಂದು ಹೇಳುತ್ತಾರೆ. ಮೊದಲು ಸಂಪಗಾವಿಯಲ್ಲಿದ್ದ ಗಾದಿ ಬಳಿಕ ಕಿತ್ತೂರಿಗೆ ಬಂತು. ಪ್ರಜೆಗಳಿಗೆ ಅವರು ದೊರೆಗಳು. ಇಂಗ್ಲಿಷರ ಕಾಗದಗಳಲ್ಲಿ ಮಾತ್ರ ಕೊನೆಯವರೆಗೂ ‘ಕಿತ್ತೂರಿನ ದೇಸಾಯಿ’. ಮಲ್ಲಸರ್ಜ 1816ರಲ್ಲಿ ತೀರಿಕೊಂಡನು. ಪೇಶ್ವೆಯ ಆಳಿಕೆ ಮುಗಿದ 1818ರಲ್ಲಿ ಕಂಪನಿ ಸರಕಾರ ಅವನ ಮಗ ಶಿವಲಿಂಗರುದ್ರಸರ್ಜನನ್ನು ಗಾದಿಯ ಮೇಲೆ ಉಳಿಸಿತು. ಆತ ಮಕ್ಕಳಿಲ್ಲದೆ 1824ರ ಸೆಪ್ಟೆಂಬರ್ 11ರಂದು ಮರಣಹೊಂದಿದನು.

ಸಾಯುವ ಮೊದಲು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ಪಡೆದಿರುವುದಾಗಿ ಬರೆದ ಪತ್ರವು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿದಾಗ ದೊರೆ ಇರಲಿಲ್ಲ. ಪತ್ರದ ರುಜುವಿನ ಮೇಲೆ ಥ್ಯಾಕರೆಗೆ ಸಂಶಯ. ದತ್ತಕಕ್ಕೆ ಒಪ್ಪಿಗೆ ದೊರೆಯಲಿಲ್ಲ, ಖಜಾನೆಗೆ ಮುದ್ರೆ ಬಿತ್ತು. ಕಚೇರಿಯಲ್ಲಿ ದಿನವಿಡೀ ರುಜು, ತಾರೀಖು ನೋಡುವ ನಮ್ಮಂಥವರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಒಂದು ರುಜುವಿಗಾಗಿ ಒಂದು ಸಂಸ್ಥಾನವೇ ಹೋಯಿತು ಎಂಬುದನ್ನು ನೆನೆದರೆ ಕೈಯಲ್ಲಿನ ಕಡತವೂ ಭಾರವಾಗುತ್ತದೆ.

ಮಲ್ಲಸರ್ಜನ ರಾಣಿ ಚೆನ್ನಮ್ಮ ಸುಮ್ಮನಿರಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದಳು. ಆ ದತ್ತುಮಗನನ್ನು ಗಾದಿಗೇರಿಸಲು ಮತ್ತೆ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಮೈಸೂರಿನ ಕಥೆ ಬೇರೆಯಾಯಿತು. ಅಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದರು. ಬಹಳ ವಾದವಿವಾದದ ಬಳಿಕ 1867ರಲ್ಲಿ ಸರಕಾರ ಅದನ್ನು ಒಪ್ಪಿತು. ಆ ಬಾಲಕನೇ 1881ರಲ್ಲಿ ರಾಜ್ಯವನ್ನು ಮರಳಿ ಪಡೆದ ಚಾಮರಾಜ ಒಡೆಯರು. ಎರಡೂ ಕಡೆ ಶಾಸ್ತ್ರ ಒಂದೇ. ಒಪ್ಪುವವರ ಮನಸ್ಸು ಮಾತ್ರ ಬೇರೆ.

ದೂರದ ಸ್ಕಾಟ್ಲೆಂಡಿನಲ್ಲೂ ಕುಲನಾಯಕರ ಪದವಿ ವಂಶಪಾರಂಪರ್ಯವಾದುದು. ಸ್ಕೈ ದ್ವೀಪದ ಡನ್‌ವೆಗನ್ ಕೋಟೆಯ ಮ್ಯಾಕ್‌ಲಿಯಡ್ ಕುಲಕ್ಕೆ ಫ್ಲೋರಾ ಎಂಬಾಕೆ ನಾಯಕಿಯಾಗಿದ್ದಳು. ಆಕೆ 1976ರಲ್ಲಿ ತೀರಿಕೊಂಡಾಗ ಪದವಿ ಬಂದದ್ದು ಮಗಳ ಮಗನಿಗೆ. ಆತ ತಂದೆಯ ಮನೆತನದ ಹೆಸರನ್ನು ಬಿಟ್ಟು ಮ್ಯಾಕ್‌ಲಿಯಡ್ ಎಂಬ ಹೆಸರನ್ನೇ ಧರಿಸಿದ್ದನು. ಹೆಸರು ಉಳಿಯಬೇಕಾದರೆ ರಕ್ತದ ಗೆರೆಯನ್ನು ಕೊಂಚ ಬಾಗಿಸುವುದು ಎಲ್ಲ ದೇಶದವರಿಗೂ ತಿಳಿದ ಜಾಣತನ.

ನಮ್ಮ ನಾಡಿನಲ್ಲಿ ವತನಗಳ ಕಾಲ ಮುಗಿಯಿತು. ಬೆಳಗಾವಿ, ಧಾರವಾಡ, ಬಿಜಾಪುರಗಳನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ರಾಜ್ಯದಲ್ಲಿ ಪರಗಣೆ ಹಾಗೂ ಕುಲಕರ್ಣಿ ವತನಗಳನ್ನು 1950ರ ಕಾಯಿದೆ ತೆಗೆದುಹಾಕಿತು. ಅದು 1951ರ ಮೇ 1ರಂದು ಜಾರಿಗೆ ಬಂತು. ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾದವು. ಕಂದಾಯದ ಭಾರ ಹೊತ್ತ ರೈತನ ಕಡೆಯಿಂದ ನೋಡಿದರೆ ಇದು ಆಗಬೇಕಾದ ಕೆಲಸವೇ. ಹುದ್ದೆ ಹೋಯಿತು, ಇನಾಮು ಹೋಯಿತು. ಹೆಸರು ಮಾತ್ರ ನಮ್ಮೊಡನೆ ರೈಲು ಹತ್ತಿ ಕಲ್ಯಾಣದಾಚೆಗೆ ಬಂದಿದೆ.

ಈ ಹೆಸರುಗಳನ್ನು ಹೊತ್ತ ನಮ್ಮ ಮಕ್ಕಳು ಅದರ ಅರ್ಥವನ್ನು ಕೇಳಿದರೆ ನಾವು ಎರಡು ಮಾತನ್ನೂ ಹೇಳಬೇಕು. ಅಧಿಕಾರವಿತ್ತು, ಊರಿಗೆ ಉತ್ತರ ಹೇಳುವ ಹೊಣೆಯೂ ಇತ್ತು ಎಂಬುದು ಒಂದು. ಕಿತ್ತೂರಿನ ಗಾದಿಗಾಗಿ ಪ್ರಾಣ ಕೊಟ್ಟ ರಾಯಣ್ಣ ದೇಸಾಯಿಯೂ ಅಲ್ಲ, ಸರದೇಸಾಯಿಯೂ ಅಲ್ಲ, ಸಂಗೊಳ್ಳಿಯ ವಾಲೀಕಾರನಾಗಿದ್ದನು ಎಂಬುದು ಇನ್ನೊಂದು. ಎರಡನೆಯದನ್ನು ಮರೆತು ಮೊದಲನೆಯದನ್ನಷ್ಟೆ ಹೇಳಿದರೆ ಫಲಕ ಉಳಿದೀತು, ಕಥೆ ಉಳಿಯಲಾರದು.